ರಿಪೋರ್ಟಿನಲ್ಲಿ ಬರೆಯದೆ ಬಿಟ್ಟ ಸಾಲು

ಮೂವತ್ತನಾಲ್ಕು ವರ್ಷ ಬೇರೆಯವರ ರಕ್ತ ಪರೀಕ್ಷೆ ಮಾಡಿ ಹೊಟ್ಟೆ ಹೊರೆದವಳು ನಾನು. ಚಾಮರಾಜಪೇಟೆಯ ಒಂದು ಆಸ್ಪತ್ರೆಗೆ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ, ಅದೇ ಲ್ಯಾಬಿನಿಂದ ನಿವೃತ್ತಳಾದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ಬೀಳ್ಕೊಡುಗೆಯ ದಿನ ನಮ್ಮ ಲ್ಯಾಬಿನ ಮುಖ್ಯಸ್ಥ ಡಾ. ಸುಧೀಂದ್ರ ನನಗೆ ಶಾಲು ಹೊದಿಸಿ, "ಪುಷ್ಪಾ ಅವರು ಇಷ್ಟು ವರ್ಷದಲ್ಲಿ ಒಂದು ಸಲವೂ ದನಿ ಎತ್ತಿದವರಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿದುಹೋಯಿತು. ಅವರು ಹೇಳಿದ್ದು ಸುಳ್ಳು ಅಂತ ಒಂದು ಉರಿ. ಪೂರ್ತಿ ಸುಳ್ಳಲ್ಲವಲ್ಲ ಅಂತ ಇನ್ನೊಂದು.

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಯಾರಾದರೂ "ನಮ್ಮದೇನಿದೆ, ಎಲ್ಲಾ ಮಷಿನ್ ಮಾಡುತ್ತೆ" ಅಂದರೆ ನಂಬಬೇಡಿ. ಮಷಿನ್ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೆ ಅರ್ಥ ಇದೆಯೋ ಇಲ್ಲವೋ ಅಂತ ನೋಡಬೇಕಾದವರು ನೀವು.

ಇದನ್ನು ನನಗೆ ಕಲಿಸಿದ್ದು ನನ್ನದೇ ಒಂದು ತಪ್ಪು. ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಸಿಎ 19-9 ಅನ್ನುವ ಒಂದು ವಸ್ತು ಹೆಚ್ಚುತ್ತದೆ. ಅದನ್ನು ಅಳೆಯುವ ಪರೀಕ್ಷೆ ನಮ್ಮಲ್ಲಿ ಆಗ ಹೊಸದು. ಒಬ್ಬ ಹೆಂಗಸಿನ ರಕ್ತದಲ್ಲಿ ಅದು ತೀರಾ ಕಡಿಮೆ ಬಂತು. ನಾನು ಬರೆದು ಕಳಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಆಗಿನ ಮುಖ್ಯಸ್ಥ ಡಾ. ರಂಗಸ್ವಾಮಿ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಇದನ್ನ ನೂರು ಪಟ್ಟು ತೆಳು ಮಾಡಿ ಇನ್ನೊಂದು ಸಲ ಹಾಕಮ್ಮ."

ಹಾಕಿದೆ. ಸಾವಿರಗಟ್ಟಲೆ ಬಂತು. ರಕ್ತದಲ್ಲಿ ಆ ವಸ್ತು ವಿಪರೀತ ಇದ್ದಾಗ ಪರೀಕ್ಷೆಯೇ ಉಸಿರು ಕಟ್ಟಿದ ಹಾಗಾಗಿ ಸುಳ್ಳು ಹೇಳುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು. "ಕ್ಷಮಿಸಿ ಸರ್" ಅಂದೆ.

"ನನ್ನ ಹತ್ರ ಯಾಕಮ್ಮ ಕ್ಷಮೆ ಕೇಳ್ತೀಯ? ವಾರ್ಡಿಗೆ ಹೋಗಿ ಆ ತಾಯಿ ಮುಖ ನೋಡ್ಕೊಂಡು ಬಾ. ಆಮೇಲೆ ಬಂದು ಕೆಲಸ ಮಾಡು."

ಹೋಗಿ ನೋಡಿದೆ. ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಆದರೂ ನಕ್ಕಳು. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕ್ಯಾನ್ಸರ್ ರೋಗಿಗಳ ರಕ್ತದಿಂದ ತೆಗೆದ ಸೀರಂನಲ್ಲಿ ಒಂದಿಷ್ಟನ್ನು ಪುಟ್ಟ ಕೊಳವೆಗೆ ಹಾಕಿ, ಹೆಸರು ತಾರೀಖು ಅಂಟಿಸಿ, ಡೀಪ್ ಫ್ರೀಜರಿನಲ್ಲಿ ಎತ್ತಿಡುತ್ತಿದ್ದೆ. ಯಾವತ್ತಾದರೂ ಅನುಮಾನ ಬಂದರೆ ಮತ್ತೆ ನೋಡಬಹುದಲ್ಲ ಅಂತ.

ಡಾ. ರಂಗಸ್ವಾಮಿ ನಿವೃತ್ತರಾದ ಮೇಲೆ ಬಂದವರು ಡಾ. ಸುಧೀಂದ್ರ. ತಿಳಿದವರೇ. ಆದರೆ ರಕ್ತದ ಟ್ಯೂಬು ಮುಟ್ಟಿದ್ದನ್ನು ನಾನು ನೋಡಲಿಲ್ಲ. ನಾನು ಶ್ರೀರಾಂಪುರದವಳು. ನಮ್ಮಪ್ಪ ಗಿರಣಿಯಲ್ಲಿ ಕೆಲಸ ಮಾಡಿದವರು, ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಪಟ. ಇದೆಲ್ಲ ಲ್ಯಾಬಿಗೆ ಸಂಬಂಧವಿಲ್ಲದ ಮಾತು ಅಂದುಕೊಂಡಿದ್ದೆ. ಆದರೆ ನಾನು ಏನಾದರೂ ಹೇಳಲು ಹೋದರೆ ಅವರು, "ನೀವು ಶ್ರೀರಾಂಪುರದ ಕಡೆಯವರು ಸ್ವಲ್ಪ ಜೋರು" ಅಂತ ನಗುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ನಿವೃತ್ತಿಗೆ ಇನ್ನೂ ವರ್ಷದ ಮೇಲಿದ್ದಾಗ ಗಂಗಾಧರಪ್ಪ ಬಂದರು. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ ಇಟ್ಟುಕೊಂಡವರು, ಐವತ್ತೈದು ದಾಟಿದವರು. ಕಣ್ಣು ಅರಿಶಿನದಂತೆ ಹಳದಿಯಾಗಿತ್ತು. ಮೇದೋಜೀರಕದ ತಲೆಯ ಭಾಗದಲ್ಲಿ ಗೆಡ್ಡೆ ಬೆಳೆದು ಪಿತ್ತದ ನಾಳವನ್ನು ಒತ್ತಿತ್ತು, ಅದಕ್ಕೇ ಕಾಮಾಲೆ. ಗೆಡ್ಡೆ ಪಕ್ಕದ ರಕ್ತನಾಳಕ್ಕೂ ಅಂಟಿಕೊಂಡಿತ್ತು. ಸರ್ಜನ್ ಡಾ. ಮಾಲಿನಿ ಗಂಗಾಧರಪ್ಪನವರಿಗೆ, "ಈಗಲೇ ಆಪರೇಷನ್ ಮಾಡಿದ್ರೆ ಪೂರ್ತಿ ತೆಗೆಯೋಕೆ ಆಗಲ್ಲ. ಮೊದಲು ನಾಲ್ಕು ತಿಂಗಳು ಕೀಮೋ ಕೊಡ್ತೀವಿ. ಅದು ಕೆಲಸ ಮಾಡಿದ್ರೆ ಆಪರೇಷನ್" ಅಂದರಂತೆ.

ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಸ್ಕ್ಯಾನ್ ಇದೆ, ನಿಜ. ಆದರೆ ಈ ಜಾಗದಲ್ಲಿ ಕೀಮೋ ಆದ ಮೇಲೆ ಸತ್ತ ಗೆಡ್ಡೆಯ ಕಲೆಯೂ ಬದುಕಿರುವ ಗೆಡ್ಡೆಯೂ ಸ್ಕ್ಯಾನಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಾಗಾಗಿ ಡಾಕ್ಟರುಗಳು ನಮ್ಮ ಸಿಎ 19-9 ಅಂಕಿಯನ್ನು ನೋಡುತ್ತಾರೆ. ಅದು ಚೆನ್ನಾಗಿ ಇಳಿದರೆ ಆಪರೇಷನ್. ಏರಿದರೆ ಇಲ್ಲ. ನಾವು ಟೈಪ್ ಮಾಡಿ ಕಳಿಸುವ ಮೂರಂಕಿ ಒಬ್ಬ ಮನುಷ್ಯನನ್ನು ಆಪರೇಷನ್ ಕೋಣೆಗೆ ಕಳಿಸುತ್ತದೆ, ಇಲ್ಲವೇ ಮನೆಗೆ ಕಳಿಸುತ್ತದೆ.

ಕಾಮಾಲೆ ಇದ್ದಾಗ ಈ ಅಂಕಿ ಸುಮ್ಮಸುಮ್ಮನೆ ಏರಿರುತ್ತದೆ. ಅದಕ್ಕೇ ಗಂಗಾಧರಪ್ಪನವರಿಗೆ ನಾಳದಲ್ಲಿ ಸ್ಟೆಂಟ್ ಹಾಕಿ, ಕಣ್ಣು ಬೆಳ್ಳಗಾದ ಮೇಲೆ ಇನ್ನೊಮ್ಮೆ ರಕ್ತ ಕಳಿಸಿ ಅಂತ ನಾನೇ ವಾರ್ಡಿಗೆ ಫೋನು ಮಾಡಿದೆ. 620 ಬಂತು. ಅದೇ ಅವರ ಮೊದಲ ಲೆಕ್ಕ. ಎರಡು ತಿಂಗಳ ಕೀಮೋ ಆದ ಮೇಲೆ 240. ಅವರ ಮಗಳು ಸುಮಾ ರಿಪೋರ್ಟು ತೆಗೆದುಕೊಳ್ಳಲು ಕೌಂಟರಿಗೆ ಬಂದವಳು ನನ್ನ ಕೈ ಹಿಡಿದುಕೊಂಡುಬಿಟ್ಟಳು. "ಇಳೀತಿದೆ ಅಲ್ವಾ ಆಂಟಿ?" "ಇಳೀತಿದೆ ಕಣಮ್ಮ" ಅಂದೆ.

ಆ ತಿಂಗಳೇ ಮಷಿನ್ ಬದಲಾಯಿತು.

ಹಳೆಯದನ್ನು ಕಂಪನಿಯವರು ಲಾರಿಗೆ ಹಾಕಿಕೊಂಡು ಹೋದರು. ಬೇರೆ ಕಂಪನಿಯ ಹೊಸ ಮಷಿನ್ ಬಂದು ಕೂತಿತು. ಪೂಜೆ ಆಯಿತು, ನಿಂಬೆಹಣ್ಣು ಕುಯ್ದರು, ಆಡಳಿತದವರು ಫೋಟೋ ತೆಗೆಸಿಕೊಂಡರು. ಹೊಸ ಮಷಿನ್ನಿನ ಕಿಟ್‌ಗಳಿಗೆ ಜಾಗ ಬೇಕಿತ್ತು. ಡಾ. ಸುಧೀಂದ್ರ ಫ್ರೀಜರ್ ಬಾಗಿಲು ತೆಗೆದು, "ಇದೇನು ಪುಷ್ಪಾ, ಕಸದ ಗುಂಡಿ? ಎಲ್ಲಾ ಎಸೀರಿ" ಅಂದರು.

"ಸರ್, ಹೊಸ ಮಷಿನ್ ಸೆಟ್ ಆಗೋವರೆಗೂ ಇರ್ಲಿ. ಕಂಪೇರ್ ಮಾಡೋಕೆ ಬೇಕಾಗುತ್ತೆ."

"ಕಂಪನಿಯವರು ಕ್ಯಾಲಿಬ್ರೇಟ್ ಮಾಡಿ ಕೊಟ್ಟಿದ್ದಾರೆ. ನಿಮಗಿಂತ ಅವರಿಗೆ ಗೊತ್ತು. ಸಂಜೆಯೊಳಗೆ ಖಾಲಿ ಆಗ್ಬೇಕು."

ಖಾಲಿ ಮಾಡಿದೆ. ನನ್ನ ಕೈಯಿಂದಲೇ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ತುಂಬಿದೆ. ತೀರಾ ಈಚಿನದು ಅಂತ ಒಂದೇ ಒಂದು ರ‍್ಯಾಕನ್ನು ಕಿಟ್ ಡಬ್ಬಗಳ ಹಿಂದೆ ಬಚ್ಚಿಟ್ಟೆ. ಅಷ್ಟೇ ನನ್ನಿಂದಾದ ಧೈರ್ಯ.

ನೀವು ತಿಳಿದಿರಬೇಕಾದದ್ದು ಇಷ್ಟು: ಒಂದು ಕಂಪನಿಯ ಮಷಿನ್ ಈ ವಸ್ತುವನ್ನು ಹಿಡಿಯುವ ಬಗೆಯೇ ಬೇರೆ, ಇನ್ನೊಂದರದ್ದೇ ಬೇರೆ. ಒಂದೇ ರಕ್ತವನ್ನು ಎರಡರಲ್ಲೂ ಹಾಕಿದರೆ ಒಂದರಲ್ಲಿ ನೂರು, ಇನ್ನೊಂದರಲ್ಲಿ ಇನ್ನೂರೈವತ್ತು ಬರಬಹುದು. ಎರಡೂ ತಪ್ಪಲ್ಲ. ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ಏರಿತು, ಇಳಿಯಿತು ಅಂತ ಹೇಳುವುದು ಮಹಾ ತಪ್ಪು. ಮಷಿನ್ ಬದಲಾದರೆ ರಿಪೋರ್ಟಿನ ಕೆಳಗೆ ಒಂದು ಸಾಲು ಬರೆಯಬೇಕು: "ಪರೀಕ್ಷಾ ವಿಧಾನ ಬದಲಾಗಿದೆ, ಹಿಂದಿನ ಅಂಕಿಯೊಂದಿಗೆ ಹೋಲಿಸಬೇಡಿ." ಆ ಸಾಲು ಬರೆಯೋಣ ಅಂತ ಮೊದಲ ವಾರವೇ ಕೇಳಿದೆ.

"ಹಾಗೆಲ್ಲಾ ಬರೆದ್ರೆ ಜನ ನಮ್ಮ ಲ್ಯಾಬ್ ಮೇಲೆ ಅನುಮಾನ ಪಡ್ತಾರೆ" ಅಂದರು ಡಾ. ಸುಧೀಂದ್ರ. "ಡಾಕ್ಟರ್‌ಗಳಿಗೆ ಮೀಟಿಂಗಲ್ಲಿ ನಾನೇ ಹೇಳ್ತೀನಿ, ಬಿಡಿ."

ಹೇಳಲಿಲ್ಲ. ನಾನೂ ಹೇಳಿದಿರಾ ಅಂತ ವಿಚಾರಿಸಲಿಲ್ಲ.

ಎರಡು ತಿಂಗಳಾದ ಮೇಲೆ ಗಂಗಾಧರಪ್ಪನವರ ರಕ್ತ ಬಂತು. ಆ ದಿನ ನನಗೆ ಬೇರೆ ಮೇಜು. ರಿಪೋರ್ಟು ನನ್ನ ಕಣ್ಣಿಗೆ ಬೀಳಲೇ ಇಲ್ಲ. ತಿಂಗಳು ಕಳೆದ ಮೇಲೆ ಸುಮಾ ಕೌಂಟರಿನ ಮುಂದೆ ನಿಂತಿದ್ದಳು, ಕಣ್ಣು ಊದಿಕೊಂಡಿತ್ತು.

"ಆಂಟಿ, ಅಪ್ಪನ ಆಪರೇಷನ್ ಇಲ್ಲ ಅಂದ್ಬಿಟ್ರು. 240 ಇದ್ದಿದ್ದು 390 ಆಗಿದೆಯಂತೆ. ಕೀಮೋ ಕೆಲಸ ಮಾಡ್ತಿಲ್ವಂತೆ. ಆದ್ರೆ ಅಪ್ಪ ಚೆನ್ನಾಗಿ ಊಟ ಮಾಡ್ತಿದ್ರು, ಎರಡು ಕೆಜಿ ದಪ್ಪ ಆಗಿದ್ರು. ಹೇಗೆ ಏರುತ್ತೆ? ನೀವೊಂದ್ಸಲ ನೋಡಿ ಹೇಳ್ತೀರಾ?"

ನೋಡದೆಯೇ ಗೊತ್ತಾಯಿತು ನನಗೆ.

ಬಚ್ಚಿಟ್ಟಿದ್ದ ರ‍್ಯಾಕಿನಲ್ಲಿ ಗಂಗಾಧರಪ್ಪನವರ ಎರಡೂ ಹಳೆಯ ಸ್ಯಾಂಪಲ್ ಇದ್ದವು. ಯಾರನ್ನೂ ಕೇಳಲಿಲ್ಲ. ಹೊರತೆಗೆದು, ಕರಗಿಸಿ, ಹೊಸ ಮಷಿನ್ನಿಗೆ ಹಾಕಿ ಎದುರಿಗೇ ನಿಂತೆ. ಹಳೆಯ ಮಷಿನ್ನಿನಲ್ಲಿ 620 ಅಂತ ಬಂದಿದ್ದು ಇದರಲ್ಲಿ 1530. ಹಳೆಯ 240 ಇದರಲ್ಲಿ 590. ಅಂದರೆ ಹೊಸ ಮಷಿನ್ನಿನ ಲೆಕ್ಕದಲ್ಲಿ 1530, ಆಮೇಲೆ 590, ಈಗ 390. ಇಳಿಯುತ್ತಲೇ ಬಂದಿತ್ತು. ಕೀಮೋ ಕೆಲಸ ಮಾಡುತ್ತಲೇ ಇತ್ತು. ಕೆಲಸ ಮಾಡದೇ ಇದ್ದವರು ನಾವು.

ಹಾಳೆ ತೆಗೆದುಕೊಂಡು ಡಾ. ಸುಧೀಂದ್ರ ಅವರ ಕೋಣೆಗೆ ಹೋದೆ. ಅವರು ಹಾಳೆ ನೋಡಿದರು. ಅವರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು, ಅದು ಅವರ ಮುಖದಲ್ಲೇ ಕಂಡಿತು.

"ಯಾರ ಪರ್ಮಿಷನ್ ತಗೊಂಡು ಇದನ್ನ ರನ್ ಮಾಡಿದ್ರಿ?"

"ಸರ್, ಆ ಮನುಷ್ಯನಿಗೆ ಆಪರೇಷನ್ ಇಲ್ಲ ಅಂತ ಹೇಳ್ಬಿಟ್ಟಿದ್ದಾರೆ."

"ಹಳೇ ಫ್ರೀಜರ್ ಸ್ಯಾಂಪಲ್ ರಿಸಲ್ಟ್‌ಗೆ ಬೆಲೆ ಇಲ್ಲ. ಇದನ್ನ ಇಲ್ಲೇ ಬಿಡಿ. ನೀವು ಹೋಗಿ."

"ಡಾಕ್ಟರ್ ಮಾಲಿನಿ ಅವರಿಗೆ ಹೇಳ್ತೀರಾ ಸರ್?"

"ಪುಷ್ಪಾ, ನಿಮ್ಮ ರಿಟೈರ್‌ಮೆಂಟಿಗೆ ಎಷ್ಟು ತಿಂಗಳಿದೆ?"

ಇಷ್ಟೇ ಅವರ ಉತ್ತರ. ಹಾಳೆಯನ್ನು ಅವರ ಮೇಜಿನ ಮೇಲೆ ಬಿಟ್ಟು ಬಂದೆ. ಮಷಿನ್ನಿನಿಂದ ಇನ್ನೊಂದು ಪ್ರತಿ ತೆಗೆದುಕೊಂಡು ನೇರ ಡಾ. ಮಾಲಿನಿ ಅವರ ಓಪಿಡಿಗೆ ಹೋದೆ. ರೋಗಿಗಳ ಜೊತೆ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತೆ. ಒಳಗೆ ಹೋದಾಗ ಅವರು ತಲೆ ಎತ್ತದೆ, "ರಿಪೋರ್ಟ್ ವಿಷಯ ಆದ್ರೆ ನಿಮ್ಮ ಚೀಫ್ ಮಾತಾಡ್ಲಿ" ಅಂದರು.

"ಅವರು ಮಾತಾಡಲ್ಲ ಮೇಡಂ. ಅದಕ್ಕೇ ನಾನು ಬಂದಿದ್ದು."

ಹಾಳೆ ಮುಂದಿಟ್ಟೆ. ಓದಿದರು. ಪೆನ್ನು ಕೆಳಗಿಟ್ಟರು.

"ಮಷಿನ್ ಬದಲಾಗಿದೆ ಅಂತ ನಮಗೆ ಯಾರೂ ಹೇಳೇ ಇಲ್ವಲ್ಲ." ದನಿ ಸಣ್ಣಗಿತ್ತು. ಆಮೇಲೆ ಎದ್ದು ನಿಂತರು. "ನಾನು ಆ ಮನುಷ್ಯನ ಮುಖ ನೋಡಿ ಆಗಲ್ಲ ಅಂದೆ ರೀ! ಅವರ ಮಗಳು ಇಲ್ಲೇ ಕೂತು ಅತ್ತಳು. ನೀವೆಲ್ಲ ಏನು ಮಾಡ್ತಿದ್ರಿ ಕೆಳಗೆ?"

ಬೈಗುಳ ನನಗೇ ಬಿತ್ತು. ಬೀಳಬೇಕಾದದ್ದೇ.

ಗಂಗಾಧರಪ್ಪ ಬೇರೆ ಕೀಮೋ ಶುರು ಮಾಡಲು ಬರಬೇಕಿತ್ತು, ಬಂದಿರಲಿಲ್ಲ. ಆಸ್ಪತ್ರೆಯಿಂದ ಫೋನು ಮಾಡಿದರೆ ಮನೆಯವರು ಎತ್ತುತ್ತಿರಲಿಲ್ಲ. ಡಾ. ಮಾಲಿನಿ ಒಂದು ಚೀಟಿ ಬರೆದುಕೊಟ್ಟರು. ಮಾರನೆಯ ದಿನ ರಜೆ ಹಾಕಿ ಸುಲ್ತಾನ್‌ಪೇಟೆಗೆ ಹೋದೆ. ಕಾರ್ಡಿನ ಅಂಗಡಿಗಳ ಸಾಲಿನಲ್ಲಿ ಕೇಳಿಕೊಂಡು ಹೋದರೆ ಅಂಗಡಿ ಸಿಕ್ಕಿತು. ಗಂಗಾಧರಪ್ಪ ಒಳಗಡೆ ಕುರ್ಚಿಯಲ್ಲಿ ಕೂತಿದ್ದರು. ಏರಿದ್ದ ಎರಡು ಕೆಜಿ ಇಳಿದು, ಮೇಲೆ ಇನ್ನೂ ನಾಲ್ಕು ಇಳಿದಿತ್ತು. ಎದುರಿಗೆ ಅವರ ತಮ್ಮ. ಅಂಗಡಿಯ ವ್ಯವಹಾರವನ್ನೆಲ್ಲ ಅವನಿಗೆ ಒಪ್ಪಿಸುತ್ತಿದ್ದರು.

ನಾನು ಯಾರು, ಏನಾಗಿದೆ ಅಂತ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಅವರಿಗೆ ಅರ್ಥವೇ ಆಗಲಿಲ್ಲ. ಎರಡನೆಯ ಸಲ ಅರ್ಥವಾದಾಗ ಅವರು ಕಿರುಚಿದರು. ಪಕ್ಕದ ಅಂಗಡಿಯವರೆಲ್ಲ ಬಂದು ನಿಂತರು.

"ಮೂರು ವಾರದಿಂದ ಸತ್ತಿದ್ದೀನಿ ಕಣಮ್ಮ ನಾನು! ತಟ್ಟೆ ಮುಂದೆ ಕೂತ್ರೆ ಇದ್ಯಾಕೆ ತಿನ್ಬೇಕು ಅನ್ಸುತ್ತೆ. ಮಗಳ ಮುಖ ನೋಡೋಕಾಗಲ್ಲ. ಈಗ ಬಂದು ಮಷಿನ್ ಬದಲಾಗಿತ್ತು ಅಂತೀಯಾ? ಹೋಗು, ನಿನ್ನ ಆಸ್ಪತ್ರೆ ಕಡೆ ತಲೆ ಹಾಕಿ ಮಲಗಲ್ಲ ನಾನು!"

ನಾನು ಕದಲಲಿಲ್ಲ. "ಬಯ್ಯಿರಿ ಸರ್. ಆದ್ರೆ ಬನ್ನಿ. ನಮ್ಮ ಮೇಲಿನ ಸಿಟ್ಟಿಗೆ ನಿಮ್ಮ ಜೀವ ಕೊಡಬೇಡಿ."

ಆಗಲೇ ಸುಮಾ ಬಂದಳು. ಚೀಟಿ ಓದಿದಳು. ಅಪ್ಪನ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟಳು. ಅವರು ಚಪ್ಪಲಿಯನ್ನೇ ನೋಡುತ್ತಾ ತುಂಬಾ ಹೊತ್ತು ಕೂತಿದ್ದು, ಆಮೇಲೆ ಮೆಟ್ಟಿಕೊಂಡರು.

ಆಪರೇಷನ್ ಏಳು ಗಂಟೆ ನಡೆಯಿತು. ಗೆಡ್ಡೆ ರಕ್ತನಾಳದಿಂದ ಬಿಟ್ಟುಕೊಂಡು ಬಂತು; ಅದರಲ್ಲಿ ಬಹುಪಾಲು ಸತ್ತಿತ್ತು. ಗಂಗಾಧರಪ್ಪ ಈಗಲೂ ಇದ್ದಾರೆ, ತೆಳ್ಳಗೆ, ಸಿಡಿಮಿಡಿ ಅನ್ನುತ್ತಾ. ಪ್ರತಿ ಊಟದ ಜೊತೆ ಜೀರ್ಣಕ್ಕೆ ಮಾತ್ರೆ ನುಂಗಿಕೊಂಡು ಅಂಗಡಿಯಲ್ಲಿ ಕೂರುತ್ತಾರೆ. ನನ್ನನ್ನು ಕಂಡರೆ ಇವತ್ತಿಗೂ ಪೂರ್ತಿ ನಗುವುದಿಲ್ಲ. ಅದು ಅವರ ಹಕ್ಕು.

ಈ ಕಥೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ, ನನ್ನನ್ನು ಹೊಗಳಲು. ಇಲ್ಲಿಗೇ ನಿಲ್ಲಿಸಿದರೆ ನನಗೂ ಸುಖ. ಆದರೆ ಇಲ್ಲಿಗೆ ಮುಗಿಯಲಿಲ್ಲ.

ಮಷಿನ್ ಬದಲಾದ ಆ ಎರಡು ಮೂರು ತಿಂಗಳಲ್ಲಿ ಕೀಮೋ ಮಧ್ಯದಲ್ಲಿದ್ದವರು ಗಂಗಾಧರಪ್ಪ ಒಬ್ಬರೇ ಏನು? ಡಾ. ಮಾಲಿನಿ ಅವರು ಪಟ್ಟಿ ಕೇಳಿದರು. ಡಾ. ಸುಧೀಂದ್ರ "ನಾನು ನೋಡ್ಕೊಳ್ತೀನಿ" ಅಂದರು. ರಿಪೋರ್ಟಿನ ಕೆಳಗೆ ಆ ಒಂದು ಸಾಲು ಮಾತ್ರ ಸದ್ದಿಲ್ಲದೆ ಬಂದು ಕೂತಿತು. ಪಟ್ಟಿ ಬರಲಿಲ್ಲ. ಕೊನೆಗೆ ನಾನೇ ಊಟದ ಬಿಡುವಿನಲ್ಲಿ ಕೂತು ತೆಗೆದೆ. ಗಂಗಾಧರಪ್ಪನವರೂ ಸೇರಿ ಒಂಬತ್ತು ಹೆಸರು. ಅದರಲ್ಲಿ ಒಂದು, ಹನುಮಂತನಗರದ ಲಲಿತಾ, ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರಿಗೂ ಅಂಕಿ "ಏರಿತ್ತು." ಅವರಿಗೂ ಆಪರೇಷನ್ ಬೇಡ ಅಂದಿದ್ದರು. ಔಷಧ ಬದಲಾಯಿಸಿದ್ದರು. ಆ ಹೊಸ ಔಷಧದ ನಡುವೆ ಸೋಂಕು ತಗುಲಿ ತೀರಿಕೊಂಡಿದ್ದರು. ಅವರ ಹಳೆಯ ಸ್ಯಾಂಪಲ್ ಇರಲಿಲ್ಲ. ಅದು ನಾನು ತುಂಬಿದ ಹಳದಿ ಚೀಲದಲ್ಲಿ ಹೋಗಿತ್ತು.

ಪಟ್ಟಿ ಹಿಡಿದುಕೊಂಡು ಡಾ. ಸುಧೀಂದ್ರ ಅವರ ಮುಂದೆ ನಿಂತೆ. "ಇವರ ಮನೆಯವರಿಗೆ ತಿಳಿಸಬೇಕು ಸರ್."

"ಸತ್ತವರ ಮನೆಗೆ ಹೋಗಿ ಏನಂತ ಹೇಳ್ತೀರಿ? ಸ್ಯಾಂಪಲ್ ಇಲ್ಲ, ಪ್ರೂಫ್ ಇಲ್ಲ. ಏರಿದ್ದು ನಿಜವೇ ಇರ್ಬಹುದು. ಸುಮ್ಮನೆ ಅವರ ಗಾಯ ಕೆರೀಬೇಡಿ."

ನನ್ನ ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ಕೇಳದೆ ಹಳೆಯ ಸ್ಯಾಂಪಲ್ ಹಾಕಿದ್ದಕ್ಕೆ ಮೆಮೋ ಒಂದು ಆಗಲೇ ಬಂದಿತ್ತು. ಪಟ್ಟಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ, ಡಾ. ಮಾಲಿನಿ ಅವರಿಗೂ ಕೊಡಲಿಲ್ಲ. ಒಂಬತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಡಾ. ಸುಧೀಂದ್ರ ಅವರ ಮೇಲೆ ನನಗಿರುವ ಸಿಟ್ಟು ಒಂದು ತೂಕವಾದರೆ, ಆ ಒಂಬತ್ತು ತಿಂಗಳ ಪುಷ್ಪಾಳ ಮೇಲಿನ ಸಿಟ್ಟು ಅದಕ್ಕಿಂತ ಭಾರ. ಪ್ರೂಫ್ ಇಲ್ಲ ಅಂದರು. ಪ್ರೂಫ್ ಎಸೆಸಿದವರು ಅವರು, ಎಸೆದವಳು ನಾನು.

ನಿವೃತ್ತಳಾದ ಎರಡನೆಯ ವಾರ ಹನುಮಂತನಗರಕ್ಕೆ ಹೋದೆ. ಲಲಿತಾ ಅವರ ಯಜಮಾನರು ಚಂದ್ರಶೇಖರಯ್ಯ, ಅಂಚೆ ಇಲಾಖೆಯಲ್ಲಿದ್ದವರು. ಬಾಗಿಲು ತೆಗೆದು, ಯಾರೆಂದು ಕೇಳಿ, "ಒಳಗೆ ಬನ್ನಿ ಮೇಡಂ" ಅಂತ ಕೂರಿಸಿ, ನಾನು ಬೇಡ ಬೇಡ ಅಂದರೂ ಕಾಫಿ ಮಾಡಿಕೊಂಡು ಬಂದರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಮಷಿನ್ನು, ಬರೆಯದ ಸಾಲು, ಚೀಲ, ನನ್ನ ಒಂಬತ್ತು ತಿಂಗಳು. ಯಾವುದನ್ನೂ ಬಿಡಲಿಲ್ಲ.

ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಗಂಗಾಧರಪ್ಪನವರ ಹಾಗೆ ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆಪರೇಷನ್ ಆಗಿದ್ರೆ ಅವಳು ಉಳೀತಿದ್ಲಾ?" ಅಂತ ಕೇಳಿದರು.

"ಗೊತ್ತಿಲ್ಲ ಸರ್. ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೇ ನಾವು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಹೇಳಿದರು: "ಅವಳಿಗೆ ಶುಗರ್ ಇತ್ತಲ್ಲ, ಸಿಹಿ ಕೊಡಬೇಡಿ ಅಂದಿದ್ರು. ಆ ಟೆಸ್ಟಿಗೆ ಮುಂಚಿನ ದಿನ ತುಂಬಾ ಆಸೆ ಪಟ್ಟು ಕೇಳಿದ್ಲು ಅಂತ ಮಕ್ಕಳಿಗೆ ಗೊತ್ತಾಗದ ಹಾಗೆ ಒಂದು ಮಾವಿನಹಣ್ಣು ಹೆಚ್ಚಿಕೊಟ್ಟೆ. ಪೂರ್ತಿ ತಿಂದ್ಲು. ಮಾರನೇ ದಿನ ನಂಬರ್ ಏರಿದೆ ಅಂದ್ರು. ಇಷ್ಟು ದಿನ ನಾನೇ ಕೊಂದೆ ಅಂದ್ಕೊಂಡಿದ್ದೆ ಮೇಡಂ."

ನನ್ನ ಕೈಯ ಲೋಟ ಕೆಳಗಿಟ್ಟೆ. ಇಡೀ ಸೇವಾವಧಿಯಲ್ಲಿ ನನಗೆ ಅಂಥ ಸಿಟ್ಟು ಬಂದಿರಲಿಲ್ಲ. ಒಂದು ಸಾಲು, ಒಂದೇ ಒಂದು ಸಾಲು ಟೈಪ್ ಮಾಡಿದ್ದರೆ ಈ ಮನುಷ್ಯ ಹೆಂಡತಿಗೆ ಪ್ರೀತಿಯಿಂದ ಹೆಚ್ಚಿಕೊಟ್ಟ ಹಣ್ಣನ್ನು ವಿಷ ಅಂತ ನೆನೆದುಕೊಂಡು ಬದುಕಬೇಕಿರಲಿಲ್ಲ.

"ಸರ್, ಪೇಪರ್ ಇದೆಯಾ?" ಅಂದೆ.

ಅವರು ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆಗಳನ್ನು ಹರಿದು ತಂದರು. ಅಲ್ಲೇ ಕೂತು ದೂರು ಬರೆದೆವು, ಅವರದ್ದು ಅವರು, ನನ್ನದು ನಾನು. ನನ್ನ ಹೇಳಿಕೆ ನಾಲ್ಕು ಪುಟ ಆಯಿತು. ಡಾ. ಸುಧೀಂದ್ರ ಏನಂದರು, ನಾನು ಏನು ಮಾಡಿದೆ, ಏನು ಮಾಡಲಿಲ್ಲ, ತಾರೀಖು ಸಮೇತ. ಈಗ ವಿಚಾರಣೆ ನಡೆಯುತ್ತಿದೆ. ಆಸ್ಪತ್ರೆಯ ವಕೀಲರು ನಾನು ಕೆಲಸದಲ್ಲಿ ಅಸಮಾಧಾನಗೊಂಡಿದ್ದವಳು, ಹಗೆ ತೀರಿಸಿಕೊಳ್ಳುತ್ತಿದ್ದೇನೆ ಅಂತ ಬರೆದಿದ್ದಾರೆ. ಪಟ್ಟಿಯಲ್ಲಿ ಉಳಿದ ಏಳು ಮನೆಗಳಿಗೂ ಒಂದೊಂದಾಗಿ ಹೋಗುತ್ತಿದ್ದೇನೆ. ಮೂರು ಮುಗಿದಿವೆ. ಒಂದು ಮನೆಯಲ್ಲಿ ಬಾಗಿಲು ಮುಖದ ಮೇಲೆ ಹಾಕಿದರು.

ನಾಳೆ ನಾಲ್ಕನೆಯದಕ್ಕೆ ಹೊರಟಿದ್ದೇನೆ. ಚಂದ್ರಶೇಖರಯ್ಯನವರು ತಾವೂ ಬರುವುದಾಗಿ ಹೇಳಿದ್ದಾರೆ.